ಇದು ಯಾರ ಮೈಬಣ್ಣ, ಆಂಟಿ?

ದಾವಣಗೆರೆಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಮತ್ತು ಸೇರಲಿರುವ ಹೆಣ್ಣುಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅವತ್ತು ಮೇಜಿನ ಮೇಲೆ ಹನ್ನೆರಡು ಜೊತೆ ಶೂ ಇಟ್ಟುಕೊಂಡು ಮಾತಾಡಿದ್ದೆ. ಓದುವವರಿಗೆ ಅವು ಕಾಣುವುದಿಲ್ಲ. ಹಾಗಾಗಿ ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೈಕು ಹಿಡಿದು ಮಾತಾಡಿ ನನಗೆ ಅಭ್ಯಾಸ ಇಲ್ಲ. ಇಪ್ಪತ್ತೊಂದು ವರ್ಷದಿಂದ ಸಣ್ಣ ಸ್ಟೂಲಿನ ಮೇಲೆ ಕೂತು, ತಲೆ ಬಗ್ಗಿಸಿಕೊಂಡೇ ಮಾತಾಡಿದವಳು ನಾನು. ಚಪ್ಪಲಿ ಅಂಗಡಿಯವರಿಗೆ ಪಾದ ಮೊದಲು, ಮುಖ ಆಮೇಲೆ. ಅಶೋಕ ರಸ್ತೆಯಲ್ಲಿ ಯಾರಾದರೂ ಎದುರು ಸಿಕ್ಕು "ಗುರುತು ಸಿಕ್ತಾ ಆಂಟಿ?" ಅಂದರೆ ನಾನು ಮೊದಲು ಕೆಳಗೆ ನೋಡುತ್ತೇನೆ. ಬಹಳ ಸಲ ಗುರುತು ಸಿಗುವುದು ಅಲ್ಲೇ.

ಈ ಕಾರ್ಯಕ್ರಮದವರು ಫೋನ್ ಮಾಡಿ "ಯಾವ ವಿಷಯ ಮಾತಾಡ್ತೀರಿ ಮೇಡಂ?" ಅಂತ ಕೇಳಿದರು. "ನ್ಯೂಡ್ ಪಂಪ್ಸ್" ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಬ್ಯಾನರ್ ಮೇಲೆ ಏನಂತ ಬರೆಸೋಣ?" ಅಂತ ಮೆಲ್ಲಗೆ ಕೇಳಿದರು. ಈಗ ನನ್ನ ಹಿಂದೆ ನೋಡಿ, "ಕಚೇರಿಗೆ ತಕ್ಕ ಪಾದರಕ್ಷೆ" ಅಂತ ಇದೆ. ಪಾದರಕ್ಷೆ! ಇಷ್ಟು ವರ್ಷದಲ್ಲಿ ಒಬ್ಬರೂ ನಮ್ಮ ಅಂಗಡಿಗೆ ಬಂದು "ಒಂದು ಜೊತೆ ಪಾದರಕ್ಷೆ ತೋರಿಸಿ" ಅಂದಿಲ್ಲ. ಆ ಪದ ಇರುವುದು ದೇವಸ್ಥಾನದ ಬಾಗಿಲ ಬೋರ್ಡಿನಲ್ಲಿ ಮಾತ್ರ.

ಪಂಪ್ಸ್ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಬೆರಳು ಮುಚ್ಚಿರಬೇಕು, ಹಿಮ್ಮಡಿ ಮುಚ್ಚಿರಬೇಕು, ಪಾದದ ಮೇಲ್ಭಾಗ ತೆರೆದಿರಬೇಕು. ಪಟ್ಟಿ ಇಲ್ಲ, ಬಕಲ್ ಇಲ್ಲ, ಲೇಸ್ ಇಲ್ಲ. ಕಾಲು ತೂರಿಸಿದರೆ ಆಯಿತು. ಕೆಳಗೆ ಒಂದಿಷ್ಟು ಹೀಲು. ಬ್ರಿಟನ್ನಿನಲ್ಲಿ ಇದಕ್ಕೇ ಕೋರ್ಟ್ ಶೂ ಅನ್ನುತ್ತಾರೆ. ನಮ್ಮಲ್ಲಿ "ಬೆಲ್ಲಿ" ಅಂತ ಕೇಳುವವರೇ ಜಾಸ್ತಿ. ಬೆಲ್ಲಿ ಚಪ್ಪಟೆ ಇರುತ್ತದೆ. ಅದಕ್ಕೇ ಹೀಲು ಬಂದರೆ ಪಂಪ್ಸ್ ಅಂದುಕೊಳ್ಳಿ. ಇನ್ನು ನ್ಯೂಡ್ ಅನ್ನುವ ಪದವನ್ನು ಅಪ್ಪನ ಜೊತೆ ಬಂದ ಹುಡುಗಿಯರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಸ್ಕಿನ್ ಕಲರ್ ಇದೆಯಾ?" ಅನ್ನುತ್ತಾರೆ. ನಾವೂ ಹಾಗೇ ಅನ್ನುತ್ತೇವೆ. ಶೂ ಹಾಕಿಕೊಂಡರೂ ಕಾಲು ಮುಂದುವರಿದ ಹಾಗೆ ಕಾಣಬೇಕು, ಶೂ ಬೇರೆ ಕಾಲು ಬೇರೆ ಅನ್ನಿಸಬಾರದು. ಅಷ್ಟೇ ಅದರ ಅರ್ಥ.

ಅದು ನನಗೆ ನಿಜವಾಗಿ ಅರ್ಥವಾಗಿದ್ದು ಐದಾರು ವರ್ಷದ ಹಿಂದೆ. ಜಗಳೂರು ಕಡೆಯ ಒಬ್ಬ ಹುಡುಗಿ ಅಮ್ಮನನ್ನು ಕರೆದುಕೊಂಡು ಬಂದಿದ್ದಳು. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರ ಸೇರಬೇಕಿತ್ತು. ಒಳ್ಳೆ ಮಿರುಗುವ ಎಣ್ಣೆಗಪ್ಪು ಮೈ. ಸ್ಕಿನ್ ಕಲರ್ ಪಂಪ್ಸ್ ಕೇಳಿದಳು. ನಾನು ಒಂದು ಡಬ್ಬಿ ತೆಗೆದೆ. ಡಬ್ಬಿಯ ಮೇಲೆ ನ್ಯೂಡ್ ಅಂತಲೇ ಅಚ್ಚಾಗಿತ್ತು. ಒಳಗಿದ್ದದ್ದು ಮಾರಿ ಬಿಸ್ಕೆಟ್ ಬಣ್ಣದ ಶೂ. ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಸುಣ್ಣದ ಬಕೆಟ್ಟಿನಲ್ಲಿ ಕಾಲಿಟ್ಟು ಎದ್ದು ಬಂದ ಹಾಗಿತ್ತು. ನಾನು ವ್ಯಾಪಾರದವಳು, ಬಿಡುತ್ತೇನಾ? "ಇದು ನ್ಯೂಡ್ ಕಣಮ್ಮ, ಎಲ್ಲರಿಗೂ ಒಪ್ಪುತ್ತೆ" ಅಂದೆ. ಅವಳಿಗೆ ಸಿಟ್ಟು ಬರಲಿಲ್ಲ. ತನ್ನ ಕಾಲನ್ನೇ ನೋಡುತ್ತಾ ಕೇಳಿದಳು: "ಇದು ಯಾರ ಮೈಬಣ್ಣ, ಆಂಟಿ?"

ಅವಳ ಅಮ್ಮ "ಸುಮ್ನಿರೇ, ಕೊಟ್ಟಿದ್ದು ತಗೋ" ಅಂದರು. ನಾನು ಆ ಡಬ್ಬಿ ಮುಚ್ಚಿಟ್ಟೆ. ಅವತ್ತು ಅವಳಿಗೆ ಕೊಡುವಂಥದ್ದು ನನ್ನ ಅಂಗಡಿಯಲ್ಲಿ ಒಂದೇ ಒಂದು ಜೊತೆ ಇತ್ತು. ಕಾಫಿ ಬಣ್ಣದ್ದು, ಅದೂ ಅರ್ಧ ಸೈಜು ದೊಡ್ಡದು. ಒಳಗೆ ಒಂದು ಮೆತ್ತೆ ಹಾಕಿ ಕೊಟ್ಟೆ.

ಅವಳ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಬಹಳ ದೂರ ಹೋಗಬೇಕಾಗುತ್ತದೆ. ಅಮೆರಿಕದ ಕ್ರೇಯೋಲಾ ಕಂಪನಿಯ ಬಣ್ಣದ ಕಡ್ಡಿಗಳಲ್ಲಿ ಒಂದಕ್ಕೆ "ಮೈಬಣ್ಣ" ಅಂತಲೇ ಹೆಸರಿತ್ತು. ತಿಳಿ ಗುಲಾಬಿ ಮಿಶ್ರದ ಬಣ್ಣ ಅದು. 1962ರಲ್ಲಿ ಆ ಹೆಸರು ತೆಗೆದು "ಪೀಚ್" ಅಂತ ಮಾಡಿದರು. ಗಾಯಕ್ಕೆ ಹಚ್ಚುವ ಬ್ಯಾಂಡ್-ಏಡ್ ಪಟ್ಟಿ ಬಂದಿದ್ದು 1921ರಲ್ಲಿ. ಕಂದು, ಕಪ್ಪು ಮೈಯವರಿಗೂ ಒಪ್ಪುವ ಬಣ್ಣಗಳಲ್ಲಿ ಅದನ್ನು ತರುತ್ತೇವೆ ಅಂತ ಕಂಪನಿ ಹೇಳಿದ್ದು 2020ರಲ್ಲಿ. ಹೊಸ ಶೂ ಕಚ್ಚಿದಾಗ ನಾವು ಹಿಮ್ಮಡಿಗೆ ಹಚ್ಚುವುದು ಅದನ್ನೇ ಅಲ್ವಾ? ಶೂನೂ ನಮ್ಮ ಬಣ್ಣದ್ದಲ್ಲ, ಪಟ್ಟಿನೂ ನಮ್ಮ ಬಣ್ಣದ್ದಲ್ಲ. ಇನ್ನು ಪ್ಯಾರಿಸ್‌ನಲ್ಲಿ ಕೆಂಪು ಸೋಲಿನ, ಅಂದರೆ ಅಡಿ ಕೆಂಪಗಿರುವ ಶೂಗೆ ಹೆಸರಾದ ಕ್ರಿಶ್ಚಿಯನ್ ಲೂಬುಟಾನ್ ಅವರು 2013ರಲ್ಲಿ ಒಂದೇ ಪಂಪ್ಸನ್ನು ಐದು ಮೈಬಣ್ಣಗಳಲ್ಲಿ ಮಾಡಿದರು. ದೊಡ್ಡ ಸುದ್ದಿಯಾಯಿತು. ಅದರ ಬೆಲೆಯ ಮಾತು ಬೇಡ, ನಮ್ಮಲ್ಲಿ ಆ ದುಡ್ಡಿಗೆ ಒಂದು ಸಣ್ಣ ಮದುವೆಯ ಅಡುಗೆ ಮುಗಿಯುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಬ್ಯಾಲೆ ಕುಣಿಯುವವರ ಸಂಗತಿ. ಬೆರಳ ತುದಿಯ ಮೇಲೆ ನಿಂತು ಕುಣಿಯುತ್ತಾರಲ್ಲ, ಅವರ ಶೂ ಮೊದಲೆಲ್ಲ ಸಾಮಾನ್ಯವಾಗಿ ತಿಳಿ ಗುಲಾಬಿಯೇ ಇರುತ್ತಿತ್ತು. ಕಪ್ಪು ಮೈಯ ಕಲಾವಿದೆಯರು ಹೊಸ ಶೂ ತಂದ ಮೇಲೆ ಮುಖಕ್ಕೆ ಹಚ್ಚುವ ಫೌಂಡೇಶನ್ನನ್ನೇ ಅದಕ್ಕೆ ಬಳಿದುಕೊಳ್ಳುತ್ತಿದ್ದರು. ಪ್ರತಿ ಜೊತೆಗೂ ಇದೇ ಕೆಲಸ. ಲಂಡನ್ನಿನ ಫ್ರೀಡ್ ಕಂಪನಿ 1929ರಿಂದ ಬ್ಯಾಲೆ ಶೂ ಮಾಡುತ್ತಿದೆ. ಬ್ಯಾಲೆ ಬ್ಲ್ಯಾಕ್ ಅನ್ನುವ ತಂಡದ ಜೊತೆ ಸೇರಿ ಅದು ಕಂದು ಬಣ್ಣದ ಶೂ ತಂದದ್ದು 2018ರಲ್ಲಿ. ಸುಮಾರು ತೊಂಬತ್ತು ವರ್ಷ!

ನಮ್ಮ ಕಡೆ ಮೈಬಣ್ಣದ ಚಪ್ಪಲಿ ಅಂದರೆ ಬೇರೆಯದೇ ನೆನಪು ಬರುತ್ತದೆ. ಶರಣ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಚಮ್ಮಾವುಗೆ ಮಾಡಿಕೊಟ್ಟ ಕಥೆ ನಿಮಗೆಲ್ಲ ಗೊತ್ತು. ಬಸವಣ್ಣ ಅದನ್ನು ಕಾಲಿಗೆ ಹಾಕಿಕೊಳ್ಳಲಿಲ್ಲ, ತಲೆಯ ಮೇಲಿಟ್ಟುಕೊಂಡ ಅನ್ನುತ್ತಾರೆ. ನನ್ನ ವ್ಯಾಪಾರಕ್ಕೂ ಅದಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೆ ಚಪ್ಪಲಿ ಕೆಲಸದವರನ್ನು ಹಗುರವಾಗಿ ಕಾಣುವವರು ಸಿಕ್ಕಾಗ ನಾನು ಈ ಕಥೆ ಹೇಳಿಯೇ ಹೇಳುತ್ತೇನೆ. ಇವತ್ತೂ ಬಿಡಲಿಲ್ಲ.

ಸರಿ, ಬಣ್ಣಕ್ಕೆ ಬರೋಣ. ಪೇಪರಿನಲ್ಲಿ ಕಾಣೆಯಾದವರ ಪ್ರಕಟಣೆ ಬರುತ್ತದಲ್ಲ, ಪೊಲೀಸರು ಕೊಡುವುದು, ಅದನ್ನು ಓದಿ ನೋಡಿ. "ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ." "ಗೋಧಿ ಮೈಬಣ್ಣ, ದುಂಡು ಮುಖ." ಕಪ್ಪು, ಎಣ್ಣೆಗಪ್ಪು, ಸಾಧಾರಣ ಕೆಂಪು. ಮನುಷ್ಯರನ್ನು ಹುಡುಕಬೇಕಾದಾಗ ನಮ್ಮ ಪೊಲೀಸ್ ಸ್ಟೇಷನ್ನಿನ ಬರಹಗಾರರಿಗೆ ನಾಲ್ಕೈದು ಮೈಬಣ್ಣ ಗೊತ್ತಿದೆ. ಶೂ ಡಬ್ಬಿಯ ಮೇಲೆ ಬರೆಯುವವರಿಗೆ ಮಾತ್ರ ಒಂದೇ ಗೊತ್ತು.

ಹಾಗಾಗಿ ಡಬ್ಬಿ ಓದಬೇಡಿ. ನಿಮ್ಮ ಪಾದ ನೋಡಿ. ಮುಖ ಬೇಡ, ಕೈನೂ ಬೇಡ, ಪಾದ. ಇಲ್ಲೇ ಬಹಳ ಜನ ತಪ್ಪುವುದು. ನಮ್ಮ ಮುಖದ ಬಣ್ಣವೇ ಬೇರೆ, ಪಾದದ ಬಣ್ಣವೇ ಬೇರೆ. ವರ್ಷಪೂರ್ತಿ ತೆರೆದ ಚಪ್ಪಲಿ ಹಾಕುವ ಜನ ನಾವು. ದಾವಣಗೆರೆ ಬಿಸಿಲು ಪಾದದ ಮೇಲೆ ನೇರ ಬೀಳುತ್ತದೆ. ಈಗಲೇ ಚಪ್ಪಲಿ ಬಿಟ್ಟು ನೋಡಿಕೊಳ್ಳಿ, ಪಟ್ಟಿ ಇದ್ದ ಜಾಗ ಬೆಳ್ಳಗೆ, ಉಳಿದದ್ದು ಎರಡು ಪಟ್ಟು ಕಪ್ಪು. ನಗಬೇಡಿ, ನನ್ನದೂ ಹಾಗೇ ಇದೆ. ಪಂಪ್ಸ್ ಹಾಕಿದಾಗ ಶೂವಿನ ಅಂಚು ಬಂದು ಕೂರುವುದು ಬೆರಳುಗಳ ಬುಡದ ಹತ್ತಿರ. ಆ ಜಾಗದ ಚರ್ಮ ಯಾವ ಬಣ್ಣ ಇದೆಯೋ ಅದೇ ನಿಮ್ಮ ನ್ಯೂಡ್.

ನೋಡುವುದು ಎಲ್ಲಿ? ಬ್ಲೌಸ್ ಪೀಸ್ ತರಲು ಮ್ಯಾಚಿಂಗ್ ಸೆಂಟರಿಗೆ ಹೋದಾಗ ನೀವು ಏನು ಮಾಡುತ್ತೀರಿ? ಅಂಗಡಿಯವನು ಟ್ಯೂಬ್‌ಲೈಟ್ ಕೆಳಗೆ ಇಪ್ಪತ್ತು ಹಸಿರು ಹರಡುತ್ತಾನೆ. ನೀವು ಸೀರೆಯನ್ನೂ ಬಟ್ಟೆಯನ್ನೂ ಎತ್ತಿಕೊಂಡು ಸೀದಾ ಬಾಗಿಲಿಗೆ ಬರುತ್ತೀರಿ, ಬೆಳಕಿಗೆ. ಯಾರೂ ಕಲಿಸಿಕೊಟ್ಟಿದ್ದಲ್ಲ, ಅಮ್ಮ ಮಾಡಿದ್ದನ್ನು ನೋಡಿ ಕಲಿತದ್ದು. ಒಳಗಿನ ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಹೊರಗೆ ಬಂದರೆ ಬೇರೆ ಬೇರೆ ಆಗಿಬಿಡುತ್ತವೆ. ಎರಡು ಸಾವಿರದ ಸೀರೆಯ ಬ್ಲೌಸಿಗೆ ಇಷ್ಟು ಮಾಡುವವರು ಎರಡು ಸಾವಿರದ ಶೂ ತಗೊಳ್ಳುವಾಗ ಯಾಕೆ ಎಲ್‌ಇಡಿ ಬೆಳಕಿನ ಕನ್ನಡಿಯನ್ನೇ ನಂಬುತ್ತೀರಿ? ಶೂ ಒಂದನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬನ್ನಿ. ಪಾದದ ಪಕ್ಕ ಇಡಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ. ಒಂದೇ ಕಾಲಿನ ಶೂ ಕದ್ದುಕೊಂಡು ಓಡುವವರು ಯಾರೂ ಇಲ್ಲ.

ಬಣ್ಣಕ್ಕೆ ಕಂಪನಿಯವರ ಹೆಸರು ಬೇಡ, ಅವು ಸೀಸನ್ನಿಗೊಂದು ಬದಲಾಗುತ್ತವೆ. ನಾನು ಅಡುಗೆಮನೆಯ ಹೆಸರು ಹೇಳುತ್ತೇನೆ. ಮೈ ತಿಳಿಯಾಗಿರುವವರಿಗೆ ಶೇಂಗಾ ಸಿಪ್ಪೆಯ ಬಣ್ಣ. ಗೋಧಿ ಬಣ್ಣದವರಿಗೆ ಹಾಲು ಜಾಸ್ತಿ ಹಾಕಿದ ಚಹಾ, ಅಂದರೆ ಕ್ಯಾಮೆಲ್ ಅನ್ನುತ್ತಾರಲ್ಲ, ಅದು. ಎಣ್ಣೆಗೆಂಪಿನವರಿಗೆ ಬೆಲ್ಲ. ಬೆಲ್ಲದಲ್ಲೂ ತಿಳಿ ಇದೆ, ಕಪ್ಪು ಇದೆ. ಅಂಗಡಿಯಲ್ಲಿ ಟ್ಯಾನ್ ಅಂತ ಕೇಳಿದರೆ ಅದರ ಆಸುಪಾಸಿನದು ತೋರಿಸುತ್ತಾರೆ. ನಮ್ಮ ಊರಿನ ಮುಕ್ಕಾಲು ಕಾಲುಗಳು ಈ ಚಹಾ ಮತ್ತು ಬೆಲ್ಲದ ನಡುವೆ ಬರುತ್ತವೆ. ಆದರೂ ಅಂಗಡಿಗಳಿಗೆ ಜಾಸ್ತಿ ಬರುವುದು ಮಾರಿ ಬಿಸ್ಕೆಟ್ಟೇ.

ಎಣ್ಣೆಗಪ್ಪಿನವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. "ನಿಮಗೆ ಬ್ಲ್ಯಾಕ್ ತಗೊಳ್ಳಿ, ಆಯ್ತು" ಅಂತ ಹೇಳುವ ಅಂಗಡಿಯವರಿದ್ದಾರೆ. ತಪ್ಪು. ಕಪ್ಪು ಶೂ ಯಾರ ಮೈಯಲ್ಲೂ ಕರಗುವುದಿಲ್ಲ, ಅದು ತಾನೇ ಎದ್ದು ಕಾಣುತ್ತದೆ. ನಿಮಗೆ ಬೇಕಾದದ್ದು ಹುರಿದ ಕಾಫಿ ಬೀಜದ ಬಣ್ಣ, ಅಥವಾ ಹಳೆ ಹುಣಸೆಹಣ್ಣಿನ ಬಣ್ಣ. ಎರಡೂ ಗಾಢ ಕಂದು, ಆದರೆ ಹುಣಸೆಯಲ್ಲಿ ಒಳಗೆ ಕೆಂಪಿದೆ, ಕಾಫಿಯಲ್ಲಿ ಇಲ್ಲ. ಎರಡನ್ನೂ ಪಾದದ ಪಕ್ಕ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಇವನ್ನು ಯಾರೂ ನ್ಯೂಡ್ ಅಂತ ಕರೆಯುವುದಿಲ್ಲ. ಬ್ರೌನ್, ಚಾಕಲೇಟ್, ಕಾಫಿ ಅನ್ನುತ್ತಾರೆ. ನೀವು ನ್ಯೂಡ್ ಕೇಳಿದರೆ ಇವು ಇರುವ ರ‍್ಯಾಕಿಗೆ ಕೈಯೇ ಹೋಗುವುದಿಲ್ಲ. ಕೇಳುವಾಗಲೇ "ಕಾಫಿ ಬಣ್ಣದ ಪಂಪ್ಸ್" ಅನ್ನಿ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಮೈಬಣ್ಣ ಯಾವುದೇ ಇರಲಿ, ಅದರ ಅಡಿಯಲ್ಲಿ ಸಾಮಾನ್ಯವಾಗಿ ಅರಿಸಿನದ ಛಾಯೆ ಇರುತ್ತದೆ, ಕೆಲವರಲ್ಲಿ ತುಸು ಹಸಿರು. ಗುಲಾಬಿ ಛಾಯೆ ಕಡಿಮೆ. ಡಬ್ಬಿಯ ನ್ಯೂಡ್ ಬಹಳ ಸಲ ಗುಲಾಬಿ ಕಡೆಗೆ ವಾಲಿರುತ್ತದೆ. ಅದನ್ನು ಹಾಕಿದರೆ ಪಾದ ಬೂದಿ ಬಳಿದ ಹಾಗೆ ಕಾಣುತ್ತದೆ. ಒಂದು ಬಿಳಿ ಹಾಳೆಯ ಮೇಲೆ ಶೂ ಇಡಿ. ಗುಲಾಬಿ ಇದೆಯಾ ಹಳದಿ ಇದೆಯಾ ತಕ್ಷಣ ಗೊತ್ತಾಗುತ್ತದೆ. ಬಿಲ್ ಪುಸ್ತಕದ ಹಿಂಬದಿ ಹಾಳೆ ಆದರೂ ಸಾಕು.

ಸರಿಯಾದ ಬಣ್ಣ ಸಿಗಲಿಲ್ಲ, ಒಂದು ತಿಳಿ ಇದೆ ಇನ್ನೊಂದು ಗಾಢ ಇದೆ ಅಂದರೆ ಕಣ್ಣುಮುಚ್ಚಿ ಗಾಢದ್ದು ತಗೊಳ್ಳಿ. ಗಾಢ ಬಣ್ಣ ನೆರಳಿನ ಹಾಗೆ ಪಾದಕ್ಕೆ ಸೇರಿಕೊಳ್ಳುತ್ತದೆ. ತಿಳಿ ಬಣ್ಣ ಸೇರುವುದಿಲ್ಲ. ಜೊತೆಗೆ ನಮ್ಮ ಧೂಳು! 2016ರಲ್ಲಿ ಮೊದಲ ಪಟ್ಟಿಯಲ್ಲೇ ನಮ್ಮೂರು ಸ್ಮಾರ್ಟ್ ಸಿಟಿ ಅಂತ ಬಂತು. ಅಲ್ಲಿಂದ ರಸ್ತೆ ಅಗೆದದ್ದನ್ನು ನಾನು ಲೆಕ್ಕ ಇಟ್ಟದ್ದು ಗಿರಾಕಿಗಳ ಶೂ ನೋಡಿ. ಬಿಸ್ಕೆಟ್ ಬಣ್ಣದ ಶೂ ಜಯದೇವ ವೃತ್ತದಿಂದ ಗಡಿಯಾರ ಕಂಬದ ತನಕ ನಡೆದು ಬಂದರೆ ಬಣ್ಣ ಬದಲಾಗಿರುತ್ತಿತ್ತು. ಜೀನ್ಸ್ ಹಾಕುವವರಿಗೆ ಇನ್ನೊಂದು ಕಾಟ, ನೀಲಿ ಬಣ್ಣ ಬಿಟ್ಟು ತಿಳಿ ಶೂವಿನ ಹಿಂಬದಿ ಅಂಚಿಗೆ ಹತ್ತುತ್ತದೆ. ಅದು ಹೋಗುವುದಿಲ್ಲ.

ನಡುವೆ ಒಬ್ಬರು ಮೇಡಂ ಕೈ ಎತ್ತಿದ್ದರು. "ನಾನು ದಿನಾ ಸೀರೆ ಉಡೋಳು. ಕಾಲೇ ಕಾಣಲ್ಲ. ನನಗೆ ಯಾಕೆ ಇದೆಲ್ಲ?" ಒಳ್ಳೆ ಪ್ರಶ್ನೆ. ನ್ಯೂಡ್ ಪಂಪ್ಸ್ ಹಾಕಿದರೆ ಕಾಲು ಉದ್ದ ಕಾಣುತ್ತದೆ ಅನ್ನುತ್ತಾರೆ, ಅದು ಸ್ಕರ್ಟ್ ಹಾಕುವವರ ಊರಿನ ಮಾತು. ಸೀರೆಯಲ್ಲಿ ಕಾಣುವುದು ಮುಂಗಾಲು ಮಾತ್ರ, ಅದೂ ಮೆಟ್ಟಿಲು ಹತ್ತುವಾಗ. ನಮಗೆ ಇದರ ಲಾಭ ಬೇರೆ. ಸೋಮವಾರ ಹಸಿರು ಸೀರೆ, ಮಂಗಳವಾರ ನೀಲಿ ಚೂಡಿದಾರ, ಬುಧವಾರ ಕಪ್ಪು ಪ್ಯಾಂಟು. ಮೈಬಣ್ಣದ ಶೂ ಯಾವುದರ ಜೊತೆಗೂ ಜಗಳಕ್ಕೆ ನಿಲ್ಲುವುದಿಲ್ಲ. ಮೂರು ಜೊತೆ ಕೊಳ್ಳುವ ಕಡೆ ಒಂದು ಸಾಕು. ನನ್ನ ಕಣ್ಣಿನಲ್ಲಿ ಇದು ಫ್ಯಾಷನ್ನಿಗಿಂತ ಉಳಿತಾಯದ ವಿಷಯ.

ದುಡ್ಡಿನ ಮಾತು ಬಂತಲ್ಲ, ಮುಂದುವರಿಸುತ್ತೇನೆ. ಎರಡೂವರೆ ಸಾವಿರ ಅನ್ನುವುದನ್ನು ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18. 2500ರ ಶೂ ತೆರಿಗೆ ಸೇರಿ 2625 ಆಗುತ್ತದೆ. 2600ರದ್ದು 3068 ಆಗುತ್ತದೆ. ನೂರು ರೂಪಾಯಿ ವ್ಯತ್ಯಾಸಕ್ಕೆ ಕೈಯಿಂದ ಹೋಗುವುದು ನಾನೂರ ನಲವತ್ತಮೂರು. ಈ ಗೆರೆಯ ಸ್ವಲ್ಪವೇ ಮೇಲಿರುವ ಶೂ ಕೊಳ್ಳುವುದು ದಡ್ಡತನ.

ಏಳುನೂರು ರೂಪಾಯಿಯ ಶೂ ಆರು ತಿಂಗಳು ಬರುತ್ತದೆ, ಎರಡು ಸಾವಿರದ ನಾನೂರರ ಚರ್ಮದ್ದು ಮೂರು ವರ್ಷ ಬರುತ್ತದೆ, ಲೆಕ್ಕ ಹಾಕಿದರೆ ದುಬಾರಿಯದೇ ಅಗ್ಗ. ಈ ಲೆಕ್ಕವನ್ನು ನಾನೂ ಬಹಳ ಜನಕ್ಕೆ ಹೇಳಿದ್ದೇನೆ. ಆದರೆ ಮೊದಲ ಸಂಬಳ ಇನ್ನೂ ಬಂದಿಲ್ಲದ ಹುಡುಗಿಗೆ ಈ ಲೆಕ್ಕ ಹೇಳಿ ಏನು ಪ್ರಯೋಜನ? ಅವಳ ಕೈಯಲ್ಲಿ ಇರುವುದೇ ಏಳುನೂರು. ಆ ಏಳುನೂರರಲ್ಲಿ ಒಳ್ಳೆಯದು ಯಾವುದು ಅಂತ ಹೇಳಬೇಕು.

ಹೇಳುತ್ತೇನೆ. ಹೊಳಪು ಇಲ್ಲದ್ದು ತಗೊಳ್ಳಿ. ಮೈ ಅಷ್ಟು ಹೊಳೆಯುವುದಿಲ್ಲ, ಹೊಳೆಯುವ ರೆಕ್ಸಿನ್ ಎಷ್ಟೇ ಬಣ್ಣ ಕೂಡಿಬಂದರೂ ಪ್ಲಾಸ್ಟಿಕ್ಕಿನ ಹಾಗೇ ಕಾಣುತ್ತದೆ. ಶೂವನ್ನು ಮೇಜಿನ ಮೇಲಿಟ್ಟು ಬೆರಳಿನಲ್ಲಿ ಮೆಲ್ಲಗೆ ತಟ್ಟಿ, ಹೀಲು ಅಲ್ಲಾಡಿದರೆ ಬೇಡ. ಎರಡೂ ಕಡೆ ಹಿಡಿದು ಬಗ್ಗಿಸಿ. ಬೆರಳುಗಳ ಬುಡದ ಹತ್ತಿರ ಬಗ್ಗಬೇಕು. ನಡುವೆ ಮಡಚಿದರೆ ಒಳಗೆ ಗಟ್ಟಿಯಾದ ಪಟ್ಟಿ ಇಲ್ಲ ಅಂತ ಅರ್ಥ, ನಾಲ್ಕು ದಿನಕ್ಕೆ ಕಾಲು ನೋವು ಬರುತ್ತದೆ. ಒಳಗೆ ಕೈ ಹಾಕಿ ಹಿಮ್ಮಡಿ ಜಾಗದ ಹೊಲಿಗೆ ಮುಟ್ಟಿ ನೋಡಿ. ಅಲ್ಲಿ ಗಂಟು ಇದ್ದರೆ ಕಚ್ಚುತ್ತದೆ. ಕಡಿಮೆ ದುಡ್ಡಿನ ಶೂನಲ್ಲಿ ತಿಳಿ ಬಣ್ಣಕ್ಕೆ ಹೋಗಲೇಬೇಡಿ, ಗೋಂದಿನ ಗುರುತು ಪೂರ್ತಿ ಕಾಣುತ್ತದೆ.

ಚರ್ಮವೋ ರೆಕ್ಸಿನ್ನೋ ಅಂತ ಗೊತ್ತಾಗದಿದ್ದರೆ ಸೋಲಿನಲ್ಲೋ ಡಬ್ಬಿಯಲ್ಲೋ ಸಣ್ಣ ಚಿತ್ರ ಇರುತ್ತದೆ ನೋಡಿ. ಹರಡಿದ ತೊಗಲಿನ ಆಕಾರ ಇದ್ದರೆ ಚರ್ಮ. ವಜ್ರದ ಆಕಾರ ಇದ್ದರೆ ಬೇರೆ ಏನೋ. ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಸೋಲಿನ ಶೂಗೆ ಒಂದು ವಿಚಿತ್ರ ಗುಣ. ಹಾಕದೆ ಜೋಪಾನವಾಗಿ ಇಟ್ಟರೆ ಹಾಳಾಗುತ್ತದೆ. ಗಾಳಿಯ ತೇವಕ್ಕೇ ಒಳಗಿಂದ ಸವೆದು, ಎರಡು-ಮೂರು ವರ್ಷ ಬಿಟ್ಟು ಮದುವೆಗೆ ಅಂತ ತೆಗೆದರೆ ಸೋಲು ಚೂರುಚೂರು. ಒಬ್ಬರು ಅಂಥ ಶೂ ತಂದು ನನ್ನ ಮೇಲೆ ಜಗಳಕ್ಕೇ ಬಂದಿದ್ದರು. "ಒಂದ್ಸಲನೂ ಹಾಕಿಲ್ಲ!" ಅಂತ. ಹಾಕದೇ ಇದ್ದದ್ದೇ ತೊಂದರೆ ಅಂದರೆ ಯಾರು ನಂಬುತ್ತಾರೆ?

ಚರ್ಮದ ಶೂವಿನ ಇನ್ನೊಂದು ಲಾಭ ನಮ್ಮ ವಿಷಯಕ್ಕೇ ಸೇರಿದ್ದು. ಅದರ ಬಣ್ಣವನ್ನು ನೀವೇ ಸ್ವಲ್ಪ ತಿದ್ದಿಕೊಳ್ಳಬಹುದು. ನಯವಾದ ಚರ್ಮದ ಕ್ಯಾಮೆಲ್ ಬಣ್ಣದ ಶೂಗೆ ಟ್ಯಾನ್ ಪಾಲಿಶ್ ತೆಳ್ಳಗೆ ಹಚ್ಚಿ, ಒಣಗಿಸಿ, ಉಜ್ಜಿ. ಇನ್ನೊಂದು ಸಲ ಹಚ್ಚಿ. ನಾಲ್ಕೈದು ಸಲಕ್ಕೆ ಚಹಾ ಬೆಲ್ಲದ ಕಡೆಗೆ ಬರುತ್ತದೆ. ಆ ಬ್ಯಾಲೆಯವರು ಮಾಡುತ್ತಿದ್ದುದೂ ಇದೇ ಅಲ್ವಾ. ಮೊದಲು ಒಳಬದಿಯಲ್ಲಿ ಕಾಣದ ಕಡೆ ಹಚ್ಚಿ ನೋಡಿ. ತಿಳಿಯದ್ದನ್ನು ಗಾಢ ಮಾಡಬಹುದು, ಗಾಢದ್ದನ್ನು ತಿಳಿ ಮಾಡಲಾಗುವುದಿಲ್ಲ. ರೆಕ್ಸಿನ್ನಿಗೂ ಹೊಳಪಿನ ಶೂಗೂ ಇದು ನಡೆಯುವುದಿಲ್ಲ, ಪಾಲಿಶ್ ಹಾಗೇ ಮೇಲೆ ನಿಂತು ಸೀರೆ ಅಂಚಿಗೆ ಹತ್ತುತ್ತದೆ.

ಕಾಲುಂಗುರದ ಮಾತು ಯಾವ ಫ್ಯಾಷನ್ ಪುಟದಲ್ಲೂ ಬರುವುದಿಲ್ಲ. ನಾನು ಹೇಳಲೇಬೇಕು. ಚೂಪು ಮೂತಿಯ ಪಂಪ್ಸಿನಲ್ಲಿ ಎರಡನೇ ಬೆರಳು ಒತ್ತಿಕೊಳ್ಳುತ್ತದೆ. ಆ ಬೆರಳಿಗೇ ಉಂಗುರ. ಸಂಜೆ ಹೊತ್ತಿಗೆ ಬೆಳ್ಳಿ ಪಕ್ಕದ ಬೆರಳಿಗೆ ಕೊರೆದಿರುತ್ತದೆ. ಮದುವೆಯಾಗಿ ತಿಂಗಳಾದ ಹುಡುಗಿಯರು ಬಂದು "ಇದೇ ಶೂ ಮೊದಲು ಸರಿ ಇತ್ತು ಆಂಟಿ, ಈಗ ಕಚ್ಚುತ್ತೆ" ಅನ್ನುತ್ತಾರೆ. ಶೂ ಬದಲಾಗಿಲ್ಲಮ್ಮ, ಕಾಲು ಬದಲಾಗಿದೆ. ದುಂಡು ಮೂತಿ ಅಥವಾ ಬಾದಾಮಿ ಮೂತಿಯದು ತಗೊಳ್ಳಿ. ತೆಳ್ಳನೆಯ ಉಂಗುರ ಹಾಕಿಕೊಳ್ಳಿ. ಅತ್ತೆಯವರ ಹತ್ತಿರ ಮಾತಾಡುವುದು ನಿಮಗೆ ಬಿಟ್ಟದ್ದು.

ಉಂಗುರ ಇಲ್ಲದಿದ್ದರೂ ನಮ್ಮ ಪಾದ ಅಗಲ. ಇದು ನನ್ನ ಅಂದಾಜಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ನಮ್ಮವರ ಪಾದ ಅಗಲ ಅಂತ ಗೊತ್ತಾಯಿತು. ನಮ್ಮ ದೇಶಕ್ಕೇ ಬೇರೆ ಅಳತೆ ಬೇಕು ಅಂತ ಹೊಸ ಪದ್ಧತಿಯನ್ನೂ ಸಿದ್ಧ ಮಾಡಿದ್ದಾರೆ, ಹೆಸರು "ಭ". ಇಷ್ಟು ವರ್ಷ ನಾವು ಬ್ರಿಟನ್, ಯುರೋಪು, ಅಮೆರಿಕದ ನಂಬರಿಗೆ ಕಾಲು ತುರುಕಿದವರು. ಅಗಲ ಸಾಲದೆ ಒಂದು ನಂಬರ್ ದೊಡ್ಡದು ತಗೊಳ್ಳುವುದು, ಹಿಮ್ಮಡಿ ಜಾರುವುದು, ಹತ್ತಿ ತುರುಕುವುದು. ಶೂ ಕೊಳ್ಳಲು ಸಂಜೆ ಬನ್ನಿ. ದಿನವಿಡೀ ನಿಂತ ಪಾದ ಸಂಜೆ ಸ್ವಲ್ಪ ಊದಿರುತ್ತದೆ, ಆಗ ಹಿಡಿಸಿದ್ದು ಬೆಳಗ್ಗೆಯೂ ಹಿಡಿಸುತ್ತದೆ. ಆದರೆ ಬಣ್ಣ ನೋಡಲು ಬೆಳಕು ಬೇಕು. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಐದು ಗಂಟೆ. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿಯುವವರು ಬಿಗಿ ಪಂಪ್ಸ್ ಹಾಕಲೇಬೇಡಿ. ಶೂ ಕಚ್ಚಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಹೀಲು ಎಷ್ಟಿರಬೇಕು? ಒಂದೂವರೆ ಇಂಚು, ಜಾಸ್ತಿ ಅಂದರೆ ಎರಡು. ಅಗಲ ಹೀಲು. ಎತ್ತರ ಹೆಚ್ಚಾದಷ್ಟೂ ಮೈಭಾರ ಹಿಮ್ಮಡಿ ಬಿಟ್ಟು ಮುಂಗಾಲಿಗೆ ಜಾರುತ್ತದೆ. ನನ್ನ ತವರು ಚಿತ್ರದುರ್ಗ. ಸ್ಟಿಲೆಟೋ, ಅಂದರೆ ಸೂಜಿಯಂಥ ಎತ್ತರದ ಹೀಲು ಹಾಕಿಕೊಂಡು ಕೋಟೆ ಹತ್ತಲು ಬಂದವರನ್ನು ನೋಡಿದ್ದೇನೆ. ಇಳಿಯುವಾಗ ಶೂ ಕೈಯಲ್ಲಿತ್ತು. ಹೀಲು ಬೇಡವೇ ಬೇಡ ಅನ್ನುವವರಿಗೆ ಬೆಲ್ಲಿ ಇದೆ, ಬಣ್ಣದ ಮಾತು ಅದಕ್ಕೂ ಅಷ್ಟೇ ಸಲ್ಲುತ್ತದೆ. ಲಂಡನ್ನಿನ ಒಂದು ಆಫೀಸಿನಲ್ಲಿ ನಿಕೋಲಾ ಥಾರ್ಪ್ ಅನ್ನುವವರನ್ನು ಹೀಲು ಹಾಕಿಲ್ಲ ಅಂತ ಮೊದಲ ದಿನವೇ ಮನೆಗೆ ಕಳಿಸಿದ್ದರು. 2016ರಲ್ಲಿ ಅವರು ಬರೆದ ಅರ್ಜಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಮರುವರ್ಷ ಪಾರ್ಲಿಮೆಂಟಿನಲ್ಲೇ ಚರ್ಚೆಯಾಯಿತು. ನಿಮ್ಮ ಆಫೀಸಿನಲ್ಲಿ ಯಾರಾದರೂ ಹೀಲು ಹಾಕಲೇಬೇಕು ಅಂದರೆ ಇದನ್ನು ಹೇಳಿ.

ಆನ್‌ಲೈನ್ ಬಗ್ಗೆ ಕೇಳಿದಿರಿ. ನಾನು ಅಂಗಡಿಯವಳು, ನನ್ನ ಮಾತನ್ನು ಅರ್ಧ ನಂಬಿ. ನಮ್ಮ ಅಣ್ಣನ ಮಗಳು ಫೋನಿನಲ್ಲಿ ಬೆಲ್ಲದ ಬಣ್ಣ ನೋಡಿ ತರಿಸಿದಳು, ಬಂದದ್ದು ಹಸಿ ಗೋಡಂಬಿ. ಕಂಪನಿಯ ಫೋಟೋ ನೋಡಬೇಡಿ. ಕೊಂಡವರು ತಮ್ಮ ಕಾಲಿಗೆ ಹಾಕಿ ತೆಗೆದ ಫೋಟೋ ಕೆಳಗೆ ಇರುತ್ತದೆ, ಅದರಲ್ಲಿ ನಿಮ್ಮ ಕಾಲಿನ ಬಣ್ಣದವರನ್ನು ಹುಡುಕಿ. ವಾಪಸು ತಗೊಳ್ಳುತ್ತಾರಾ ಮೊದಲೇ ಓದಿ. ಬಂದ ಮೇಲೆ ಚಾಪೆಯ ಮೇಲೆ ಹಾಕಿ ನೋಡಿ, ಸೋಲಿಗೆ ಗೀರು ಬಿದ್ದರೆ ವಾಪಸು ಇಲ್ಲ.

ಕೊನೆಗೆ ಹಿಂದಿನ ಸಾಲಿನ ಒಬ್ಬಳು, ಸ್ಕೂಟಿಯಲ್ಲಿ ಬಂದವಳು, ಹೆಬ್ಬೆರಳು ಬೇರೆ ಇರುವ ಸಾಕ್ಸ್ ಹಾಕಿದ್ದಳು. ನಮ್ಮೂರಿನ ಅರ್ಧ ಹುಡುಗಿಯರು ಬಿಸಿಲಿಗೆ ಹಾಕುವುದು ಅದನ್ನೇ. "ಇದನ್ನ ಹಾಕ್ಕೊಂಡು ಪಂಪ್ಸ್ ಹಾಕಬಹುದಾ ಆಂಟಿ?" ಅಂದಳು. ಬೇಡಮ್ಮ. ಅದರ ಪ್ಯಾಕೆಟ್ಟಿನ ಮೇಲೂ ಸ್ಕಿನ್ ಕಲರ್ ಅಂತಲೇ ಬರೆದಿರುತ್ತದೆ. ಸ್ಕೂಟಿ ಇಳಿದ ಮೇಲೆ ತೆಗೆದು ಬ್ಯಾಗಿಗೆ ಹಾಕಿಕೋ. ಬೆರಳು ಮತ್ತು ಅಂಗಾಲು ಮಾತ್ರ ಮುಚ್ಚುವ, ಹೊರಗೆ ಕಾಣದ ಸಾಕ್ಸ್ ಸಿಗುತ್ತದೆ, ಅದು ಹಾಕಿಕೋ.

ಇನ್ನೊಬ್ಬರು ಆ ಬ್ಯಾಂಕಿನ ಹುಡುಗಿ ಏನಾದಳು ಅಂತ ಕೇಳಿದರು. ಚೆನ್ನಾಗಿದ್ದಾಳೆ. ಅದೇ ಕಾಫಿ ಬಣ್ಣದ ಶೂಗೆ ಮೂರು ಸಲ ಹೀಲಿನ ತುದಿ ಹಾಕಿಸಿಕೊಂಡಳು. ಹೀಲಿನ ತುದಿಯ ರಬ್ಬರ್ ಸವೆದು ಟಕ್ ಟಕ್ ಸದ್ದು ಬಂದ ಕೂಡಲೇ ರಿಪೇರಿಯವರ ಹತ್ತಿರ ಕೊಟ್ಟರೆ ಕಡಿಮೆ ದುಡ್ಡಿನಲ್ಲಿ ಆಗುತ್ತದೆ, ಬಿಟ್ಟರೆ ಹೀಲೇ ಸವೆಯುತ್ತದೆ. ಅವಳು ಬಂದಾಗಲೆಲ್ಲ ರ‍್ಯಾಕಿನಲ್ಲಿ ಗಾಢ ಬಣ್ಣ ಎಷ್ಟು ಜೊತೆ ಇದೆ ಅಂತ ಎಣಿಸಿ ಹೋಗುತ್ತಾಳೆ. ಈಗ ಹನ್ನೊಂದು ಇದೆ. ಅದರಲ್ಲಿ ಆರು ಈ ಮೇಜಿನ ಮೇಲಿದೆ.

ಐದೂಕಾಲು ಆಯಿತು. ಬಿಸಿಲು ಇನ್ನು ಅರ್ಧ ಗಂಟೆ ಇರಬಹುದು. ನಾನು ಈ ಶೂಗಳನ್ನು ಬಾಗಿಲ ಹತ್ತಿರ ತರುತ್ತೇನೆ. ಚಪ್ಪಲಿ, ಸಾಕ್ಸ್ ಬಿಟ್ಟು ಒಬ್ಬೊಬ್ಬರೇ ಬನ್ನಿ. ಪಟ್ಟಿಯ ಗುರುತು ಕಂಡರೆ ಯಾರೂ ನಗಬಾರದು.